ಮೂಲವೋ ಪ್ರತಿಯೋ? ಸವದತ್ತಿ, ಕೊಣ್ಣೂರು, ಕಲಭಾವಿ ಶಾಸನಗಳ ಪಾಠದೋಷ ವಿಚಾರ

ಸವದತ್ತಿಯ ಪ್ರಾಚೀನ ನಾಮವು ಸುಗಂಧವರ್ತಿಯೆಂಬುದೂ, ಅಲ್ಲಿ ರಟ್ಟರೆಂಬ ಸಾಮಂತ ಮನೆತನದವರು ಮೊದಲು ರಾಷ್ಟ್ರಕೂಟರಿಗೂ ಅನಂತರ ಕಲ್ಯಾಣದ ಚಾಲುಕ್ಯರಿಗೂ ಅಧೀನರಾಗಿ ಆಳಿದರೆಂಬುದೂ, ಮುಂದೆ ಅವರ ರಾಜಧಾನಿಯು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ, ಸಾಗಿತೆಂಬುದೂ ಈ ಪತ್ರಿಕೆಯ ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಈ ಮನೆತನದ ಮೂಲಪುರುಷನಾದ ಮೇರಡನ ಮಗ ಪೃಥ್ವೀರಾಮನ ಕಾಲವಾವುದು ಎಂಬ ಪ್ರಶ್ನೆ ಮಾತ್ರ ಒಂದು ಶತಮಾನಕ್ಕೂ ಮಿಗಿಲಾಗಿ ವಿದ್ವಾಂಸರನ್ನು ಕಾಡಿದೆ. ಸವದತ್ತಿಯ ಶಿಲಾಶಾಸನವೊಂದು ಅವನಿಗೆ ಶಾಲಿವಾಹನ ಶಕ ೭೯೭ನೆಯ ಮನ್ಮಥ ಸಂವತ್ಸರವನ್ನು, ಎಂದರೆ ಕ್ರಿ. ಶ. ೮೭೫-೭೬ನ್ನು ಕೊಡುತ್ತದೆ, ಅವನ ಒಡೆಯನು ಕೃಷ್ಣರಾಜದೇವನೆಂದೂ ಹೇಳುತ್ತದೆ. ಅದೇ ಊರಿನ ಇನ್ನೊಂದು ಶಾಸನವು ಪೃಥ್ವೀರಾಮನ ಮೊಮ್ಮಗನೂ ಪಿಟ್ಟುಗನ ಮಗನೂ ಆದ ಶಾಂತಿವರ್ಮನಿಗೆ ಶಕ ೯೦೨ನೆಯ ವಿಕ್ರಮ ಸಂವತ್ಸರವನ್ನು, ಎಂದರೆ ಕ್ರಿ. ಶ. ೯೮೦ನ್ನು, ಇಮ್ಮಡಿ ತೈಲಪನ ಆಳಿಕೆಯಲ್ಲಿ ಕೊಡುತ್ತದೆ. ಅಜ್ಜನಿಂದ ಮೊಮ್ಮಗನಿಗೆ ನೂರೈದು ವರ್ಷಗಳ ಅಂತರ! ಅಸಂಭವವೆಂದು ಹೇಳಲಾಗದು, ನಂಬುವುದೂ ಸುಲಭವಲ್ಲ.

ಈ ತೊಡಕನ್ನು ಬಿಡಿಸುವ ಮುನ್ನ, ವಿಷಯಾಂತರವೆಂದು ತೋರಬಹುದಾದ ಒಂದು ದೃಷ್ಟಾಂತವನ್ನು ಹೇಳಬೇಕಾಗಿದೆ. ವಾಚಕರು ಕ್ಷಮಿಸಬೇಕು.

ಕೆಲವು ವರ್ಷಗಳ ಕೆಳಗೆ ಒಂದು ಸಂಸ್ಥೆಯವರು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಗಳಲ್ಲಿ ಈ ಲೇಖಕನು ತಿರುಗಾಡಿ ಬರೆದುಕೊಂಡಿದ್ದ ಶಾಸನಪಾಠಗಳನ್ನೂ ಪಡಿಯಚ್ಚುಗಳ ಛಾಯಾಚಿತ್ರಗಳನ್ನೂ ತೆಗೆದುಕೊಂಡು ಗಣಕಯಂತ್ರಕ್ಕೇರಿಸಿ, ಅಲ್ಲಿಂದ ಕಾಂತೀಯ ಟೇಪಿನ ಮೇಲೆ ರಕ್ಷಾಪ್ರತಿಯನ್ನು ಮಾಡಿ ಇರಿಸಿದರು. ಎರಡು ಮಳೆಗಾಲಗಳಾದ ಮೇಲೆ ಗಣಕದೊಳಗಿನ ಪ್ರತಿಯು ಅಳಿಸಿಹೋದ ಪ್ರಯುಕ್ತ ಟೇಪಿನಿಂದ ಮರಳಿ ತೆಗೆದು ನೋಡಿದರೆ, ಹಲವು ಚಿತ್ರಗಳ ಕೆಳಗಿನ ಅರ್ಧವು ಬೂದಿಬಣ್ಣವಾಗಿತ್ತು. ಕೆಲವು ಪಾಠಗಳ ನಡುವೆ ಅರ್ಥವಿಲ್ಲದ ಗುರುತುಗಳು ಬಂದಿದ್ದುವು. ತೊರಗಲ್ಲಿನ ಭೂತನಾಥ ದೇವಾಲಯದಲ್ಲಿ ಮೂರು ದಿನ ಬಿಸಿಲಿನಲ್ಲಿ ಕುಳಿತು ಬರೆದ ಪುಟಗಳಲ್ಲಿ ಒಂದು ಪೂರ್ತಿ ಕೆಟ್ಟಿತ್ತು. ಟೇಪು ಹಳಸಿತು, ತೇವ ಹಿಡಿಯಿತು ಎಂದು ಎಲ್ಲರೂ ಟೇಪನ್ನೇ ಬೈದರು. ಅಲ್ಲಿ ಕೆಲಸಕ್ಕಿದ್ದ ಒಬ್ಬ ತರುಣನು ಮಾತ್ರ ಬೈಯದೆ ಪರೀಕ್ಷಿಸಿದನು. ಅವನು ಮಾಡಿದ್ದು ಇಷ್ಟೆ: ಆ ಟೇಪನ್ನೇ ಎರಡು ಸಲ, ಎರಡು ಬೇರೆ ಯಂತ್ರಗಳಲ್ಲಿ ಓದಿಸಿದನು. ಎರಡು ಓದುಗಳಲ್ಲಿಯೂ ಕೆಟ್ಟ ಸ್ಥಳಗಳು ಅವೇ, ಕೆಟ್ಟ ಅಕ್ಷರಗಳೂ ಅವೇ. ಹಾಗಾದರೆ ಟೇಪು ತನಗೆ ಕೊಟ್ಟದ್ದನ್ನು ಚಾಚೂ ತಪ್ಪದೆ ಇಟ್ಟುಕೊಂಡಿದೆ. ಆಮೇಲೆ ನನ್ನ ಬಳಿ ಉಳಿದಿದ್ದ ಕಡತಗಳನ್ನು ಅದೇ ಹಳೆಯ ಗಣಕದ ಮೂಲಕ ಹೊಸ ಟೇಪುಗಳಿಗೆ ಎರಡು ಸಲ ಬರೆಯಿಸಿ ಮೂಲದೊಡನೆ ಹೋಲಿಸಿದನು. ಎರಡರಲ್ಲಿಯೂ ದೋಷವಿತ್ತು, ಆದರೆ ದೋಷದ ಸ್ಥಳವು ಪ್ರತಿಸಲವೂ ಬೇರೆ ಬೇರೆ. ಗಣಕದ ತಾತ್ಕಾಲಿಕ ಸ್ಮೃತಿಫಲಕವನ್ನು (ಅದನ್ನವನು ರ್‍ಯಾಮ್ ಎಂದು ಕರೆಯುತ್ತಿದ್ದನು) ಬದಲಿಸಿದ ಕೂಡಲೆ ಬರೆದದ್ದೆಲ್ಲ ಮೂಲಕ್ಕೆ ಸರಿಹೊಂದಿತು. ಟೇಪುಯಂತ್ರದಲ್ಲಿ ಬರೆಯುವ ಹೆಡ್ಡಿನ ಬೆನ್ನಿಗೇ ಓದುವ ಹೆಡ್ಡು ಇರುತ್ತದೆಯಂತೆ. ಬರೆದದ್ದನ್ನು ಆ ಕ್ಷಣವೇ ಓದಿ ತಾಳೆನೋಡುತ್ತದೆಯಂತೆ. ಆದರೆ ಅದು ತಾಳೆನೋಡುವುದು ತನ್ನ ಕೈಗೆ ಬಂದುದರೊಡನೆ. ಕೈಗೆ ಬರುವ ಮೊದಲೇ ಕೆಟ್ಟುದನ್ನು ಅದು ಹೇಗೆ ತಾನೆ ಅರಿತೀತು? ತಪ್ಪನ್ನು ತಪ್ಪಿಲ್ಲದೆ ಬರೆದಿತ್ತು.

ಈ ಪ್ರಸಂಗದಿಂದ ನನಗೆ ಕೆಲವು ಪುಟಗಳು ನಷ್ಟವಾದುವು. ಒಂದು ಕ್ರಮವು ಲಾಭವಾಯಿತು. ಪಾಠವು ಕೆಟ್ಟಿದೆಯೆಂದು ಹೇಳಿದರೆ ಸಾಲದು, ಎಲ್ಲಿ ಕೆಟ್ಟಿತೆಂದು ಕೇಳಬೇಕು. ಕಲ್ಲಿನಲ್ಲಿಯೇ? ಕಂಡರಿಸಿದವನ ಉಳಿಯಲ್ಲಿಯೇ? ಬರೆದುಕೊಟ್ಟವನ ಓಲೆಯಲ್ಲಿಯೇ? ಅಥವಾ ನಮ್ಮ ಕಾಲದ ನಕಲುಗಾರನ ಕಣ್ಣಿನಲ್ಲಿಯೇ?

ಕೊನೆಯದನ್ನು ಮೊದಲು ನೋಡೋಣ. ನಮ್ಮ ಸೀಮೆಯ ಶಾಸನಗಳನ್ನು ದೊಡ್ಡ ಪ್ರಮಾಣದಲ್ಲಿ ಕಾಗದಕ್ಕೆ ಇಳಿಸಿದವರಲ್ಲಿ ಮೊದಲಿಗರು ಸರ್ ವಾಲ್ಟರ್ ಎಲಿಯಟ್ ಮಹಾಶಯರು. ೧೮೨೪ರ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮಡಿದಾಗ, ರಾಣಿ ಚೆನ್ನಮ್ಮನ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಆಂಗ್ಲ ಅಧಿಕಾರಿಗಳಲ್ಲಿ ಇವರೊಬ್ಬರು, ಇನ್ನೊಬ್ಬರು ಸ್ಟೀವನ್‌ಸನ್. ಆಗ ಎಲಿಯಟ್‌ರಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಕಿತ್ತೂರ ಸೆರೆಯಿಂದ ಬಿಡುಗಡೆಯಾದ ಆ ತರುಣನೇ ಮುಂದಿನ ವರ್ಷಗಳಲ್ಲಿ ಅದೇ ನಾಡಿನಲ್ಲಿ ಸುತ್ತಾಡಿ ೫೯೫ ಶಾಸನಗಳ ಪ್ರತಿಗಳನ್ನು ಮಾಡಿಸಿದನೆಂಬುದು ವಿಧಿಯ ವಿಚಿತ್ರಗತಿಯಲ್ಲವೆ? ಅವುಗಳ ಸಾರವನ್ನು ಅವರು ೧೮೩೭ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿಗಳ ಸಂಪುಟವು ‘ಕರ್ನಾಟಕ ದೇಶ ಶಾಸನಗಳು’ ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಗಿದೆ.

ಆದರೆ ಅವೆಲ್ಲವೂ ಕಣ್ಣಿನಿಂದ ನೋಡಿ ಕೈಯಿಂದ ಬರೆದ ಪ್ರತಿಗಳು. ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು, ಮಸಿಯೊತ್ತಿ ಪಡಿಯಚ್ಚು ತೆಗೆಯುವ ಪದ್ಧತಿಯು ಇನ್ನೂ ರೂಢಿಗೆ ಬಂದಿರಲಿಲ್ಲ. ಹಳಗನ್ನಡ ಲಿಪಿಯಲ್ಲಿ ಮಕಾರವೂ ವಕಾರವೂ, ದಕಾರವೂ ಧಕಾರವೂ ಒಂದರಂತೊಂದು ತೋರುವುದನ್ನು ಶಾಸನ ಓದಿದವರೆಲ್ಲ ಬಲ್ಲರು. ಪಂಕ್ತಿಯ ಕೊನೆಯಲ್ಲಿ ಒಂದೇ ಪದವು ಎರಡು ಕಡೆ ಬಂದರೆ ಕಣ್ಣು ಜಾರಿ ನಡುವಣ ಪಂಕ್ತಿಯು ಲೋಪವಾಗುವುದು, ಒಂದೇ ಅಕ್ಷರಗುಚ್ಛವು ಎರಡಾವರ್ತಿ ಬೀಳುವುದು, ಸವೆದ ಸ್ಥಳವನ್ನು ಲಿಪಿಕಾರನು ತನ್ನ ಪಾಂಡಿತ್ಯದಿಂದ ತುಂಬುವುದು, ಇವು ತಾಳೆಗರಿಯ ಕಾಲದಿಂದಲೂ ನಡೆದುಬಂದ ದೋಷಗಳು. ಇವುಗಳಲ್ಲಿ ಕೊನೆಯದೇ ಅತ್ಯಂತ ಅಪಾಯಕರವೆಂದು ನನ್ನ ಮತ. ಮೂರ್ಖ ಲಿಪಿಕಾರನ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಪಂಡಿತ ಲಿಪಿಕಾರನ ತಪ್ಪು ವ್ಯಾಕರಣಶುದ್ಧವಾಗಿ ಕುಳಿತಿರುತ್ತದೆ. ಆದರೂ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ: ಎಲಿಯಟ್‌ರ ಕಾಲಕ್ಕೆ ನೆಟ್ಟಗಿದ್ದು ಅನಂತರ ಒಡೆದೋ ಸವೆದೋ ಹೋದ ಕಲ್ಲಿಗೆ ಆ ದೋಷಯುಕ್ತ ಪ್ರತಿಯೇ ಈಗ ಮೂಲವಾಗಿ ನಿಲ್ಲಬೇಕಾಗುತ್ತದೆ.

ಪ್ರಕೃತ ಸವದತ್ತಿಯ ಶಾಸನದಲ್ಲಿ ಈ ಬಗೆಯ ದೋಷಕ್ಕೆ ಎಡೆಯಿಲ್ಲ. ಡಾ. ಫ್ಲೀಟ್ ಮಹಾಶಯರು ೧೮೭೦ರ ದಶಕದ ಆದಿಯಲ್ಲಿ ರಟ್ಟರ ಶಾಸನಗಳನ್ನು ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪಾಠಸಹಿತವಾಗಿ ಪ್ರಕಟಿಸಿದರು. ಕಾಲಸೂಚಕ ಭಾಗವು ಅಂಕಿಗಳಲ್ಲಿಲ್ಲ. ಸಂಸ್ಕೃತ ಶ್ಲೋಕದಲ್ಲಿ ಪದಗಳಿಂದ ಹೇಳಲ್ಪಟ್ಟಿದೆ. ಅಂಕಿಯಾದರೆ ಒಂದು ಗೀಟು ಸವೆದರೂ ಸಂಖ್ಯೆ ಬದಲಾದೀತು. ಶ್ಲೋಕದಲ್ಲಿ ಒಂದು ಅಕ್ಷರ ತಪ್ಪಿದರೆ ಛಂದಸ್ಸು ಕುಂಟುತ್ತದೆ. ಅಲ್ಲದೆ ಕವಿಯು ಸಂವತ್ಸರದ ಹೆಸರನ್ನೂ ಜೊತೆಗಿಟ್ಟಿದ್ದಾನೆ.

ಸಂವತ್ಸರದ ಹೆಸರೆಂಬುದು ಕೇವಲ ಅಲಂಕಾರವಲ್ಲ. ಶಕವರ್ಷವೂ ಸಂವತ್ಸರವೂ ಎರಡು ಬೇರೆ ಗಣನೆಗಳು. ಒಂದು ಏರುತ್ತ ಹೋಗುವುದು. ಇನ್ನೊಂದು ಅರವತ್ತಕ್ಕೊಮ್ಮೆ ತಿರುಗಿ ಬರುವುದು. ಒಂದರಲ್ಲಿ ತಪ್ಪು ಬಿದ್ದರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಮನಬಂದಂತೆ ಬರೆದ ಹೆಸರು ವರ್ಷಕ್ಕೆ ಹೊಂದುವ ಸಂಭವವು ಅರವತ್ತರಲ್ಲಿ ಒಂದು ಮಾತ್ರ. ಐ.ಬಿ.ಎಂ. ಸಂಸ್ಥೆಯವರು ೧೯೫೨ರಲ್ಲಿ ಹೊರತಂದ ಟೇಪುಯಂತ್ರದಲ್ಲಿ ಏಳು ಸಾಲುಗಳಿದ್ದು, ಆರು ಸಾಲುಗಳು ಅಕ್ಷರವನ್ನೂ ಏಳನೆಯದು ಕೇವಲ ಸಾಕ್ಷಿಯ ಗುರುತನ್ನೂ ಹೊತ್ತಿದ್ದುವು. ಆರರ ಪೈಕಿ ಒಂದು ಕೆಟ್ಟರೆ ಏಳನೆಯದು ತಾಳೆಯಾಗುತ್ತಿರಲಿಲ್ಲ. ನಮ್ಮ ಶಾಸನಕವಿಗಳು ಸಂವತ್ಸರ, ಮಾಸ, ತಿಥಿ, ವಾರ, ಗ್ರಹಣ, ಸಂಕ್ರಮಣಗಳೆಂದು ಸಾಕ್ಷಿಗಳ ಮೇಲೆ ಸಾಕ್ಷಿಗಳನ್ನು ಕೂಡಿಸಿದ್ದರು. ವೇದಪಾಠಿಗಳು ಇನ್ನೂ ಮುಂದೆ ಹೋಗಿದ್ದರು. ಸಂಹಿತೆಯನ್ನು ಪದಗಳಾಗಿ ಬಿಡಿಸಿ, ಕ್ರಮಪಾಠದಲ್ಲಿ ಒಂದು-ಎರಡು, ಎರಡು-ಮೂರು ಎಂದೂ, ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದೂ, ಘನದಲ್ಲಿ ಮೂರು ಮೂರು ಪದಗಳನ್ನು ಹಿಂದುಮುಂದಾಗಿಯೂ ಹೇಳುವಾಗ ಒಂದೊಂದು ಪದವೂ ಹಲವಾರು ಸಲ ನಾಲಗೆಯ ಮೇಲೆ ಬರುತ್ತದೆ. ಒಂದೆಡೆ ತಪ್ಪಿದ ಸ್ವರವು ಇನ್ನೊಂದೆಡೆ ಸಿಕ್ಕಿಬೀಳುತ್ತದೆ. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಘನ ಹೇಳುತ್ತ ನಿದ್ದೆ ತೂಗಿದಾಗ ಬೆನ್ನಿಗೆ ಬಿದ್ದ ಪೆಟ್ಟಿನ ಪ್ರಯೋಜನವು ನನಗೆ ಈ ಐವತ್ತು ದಾಟಿದ ವಯಸ್ಸಿನಲ್ಲಿ ತಿಳಿದುಬಂತು.

ಇನ್ನು ಪರೀಕ್ಷೆಗೆ ಬರೋಣ. ಗತಶಕ ೭೯೭ಕ್ಕೆ ಮನ್ಮಥ ಸಂವತ್ಸರವು ಸರಿಯಾಗಿ ಹೊಂದುತ್ತದೆ. ಎಂದರೆ ಕಾಲಸೂಚಕ ಶ್ಲೋಕವು ತನ್ನಷ್ಟಕ್ಕೆ ಶುದ್ಧ. ದೋಷವಿರುವುದು ಅದಕ್ಕೂ ರಾಜನ ಹೆಸರಿಗೂ ಇರುವ ಸಂಬಂಧದಲ್ಲಿ. ಕ್ರಿ. ಶ. ೮೭೫ರಲ್ಲಿ ಸಿಂಹಾಸನದಲ್ಲಿದ್ದವನು ಕೃಷ್ಣನಲ್ಲ, ಮೊದಲನೆಯ ಅಮೋಘವರ್ಷನು. ಶಕ ೭೯೯ರ ಕಣ್ಹೇರಿಯ ಶಾಸನದಲ್ಲಿಯೂ ಅವನೇ ಚಕ್ರವರ್ತಿಯಾಗಿ ಉಕ್ತನಾಗಿದ್ದಾನೆ. ಅವನ ಮಗ ಎರಡನೆಯ ಕೃಷ್ಣನ ಆಳಿಕೆಯು ಸುಮಾರು ೮೭೮ರಿಂದ ೯೧೪ರವರೆಗೆ. ಇದನ್ನು ಕಂಡು, ಮತ್ತು ಶಾಂತಿವರ್ಮನ ೯೮೦ನೆಯ ವರ್ಷವನ್ನು ನೆನೆದು, ಫ್ಲೀಟರು ಪೃಥ್ವೀರಾಮನ ಒಡೆಯನು ಮೂರನೆಯ ಕೃಷ್ಣನೇ (೯೩೯-೯೬೭) ಆಗಿರಬೇಕೆಂದು ನಿರ್ಧರಿಸಿದರು. ವಂಶಕ್ರಮಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ.

ಹಾಗಾದರೆ ಶಕವರ್ಷದಲ್ಲಿ ಒಂದು ಪದವು ಬದಲಾಗಿರಬಹುದೆ? ೭೯೭ಕ್ಕೆ ಬದಲು ಮೂಲದಲ್ಲಿ ಬೇರೊಂದು ಸಂಖ್ಯೆ ಇದ್ದಿರಬಹುದೆ? ನಾನು ಕೆಲವು ಕಾಲ ಹೀಗೆಯೇ ನಂಬಿ, ಅಂತಹ ಪಾಠವನ್ನು ಹುಡುಕುತ್ತಿದ್ದೆನು. ಗಣಿತವು ಅದಕ್ಕೆ ಎಡೆಗೊಡಲಿಲ್ಲ. ಮನ್ಮಥ ಸಂವತ್ಸರವು ೭೯೭ರ ಬಳಿಕ ಶಕ ೮೫೭ರಲ್ಲಿಯೂ (ಕ್ರಿ. ಶ. ೯೩೫-೩೬), ಅನಂತರ ೯೧೭ರಲ್ಲಿಯೂ (೯೯೫-೯೬) ಬರುತ್ತದೆ. ಮೂರನೆಯ ಕೃಷ್ಣನು ಪಟ್ಟಕ್ಕೆ ಬಂದುದು ಇವುಗಳಲ್ಲಿ ಮೊದಲನೆಯದಾದ ನಾಲ್ಕು ವರ್ಷಕ್ಕೆ. ಎರಡನೆಯದಕ್ಕೆ ಬಹು ಮೊದಲೇ ಅವನು ಗತಿಸಿದ್ದನು. ಇತ್ತ ಎರಡನೆಯ ಕೃಷ್ಣನು ಪಟ್ಟಕ್ಕೆ ಬಂದುದು ೭೯೭ರ ಮನ್ಮಥದಿಂದ ಎರಡು ಮೂರು ವರ್ಷಗಳ ಮೇಲೆ. ಅವನ ಆಳಿಕೆಯಲ್ಲಿ ಮನ್ಮಥವು ಮತ್ತೆ ಬರುವುದೇ ಇಲ್ಲ. ಆದುದರಿಂದ ಶಕಸಂಖ್ಯೆಯನ್ನು ಹೇಗೆ ತಿದ್ದಿದರೂ, ಮನ್ಮಥವನ್ನು ಉಳಿಸಿಕೊಂಡು ಅದನ್ನು ಈ ಇಬ್ಬರು ಕೃಷ್ಣರ ಆಳಿಕೆಯೊಳಗೆ ಕೂಡಿಸಲಾಗುವುದಿಲ್ಲ. ಯುವರಾಜನಾಗಿದ್ದಾಗಲೇ ಎರಡನೆಯ ಕೃಷ್ಣನು ಸಾಮಂತಪದವಿಯನ್ನು ಕೊಟ್ಟನೆಂದು ವಾದಿಸಬಹುದು. ಆಗ ರಾಜನಾಮದ ತೊಡಕು ಕಳೆದರೂ ನೂರೈದು ವರ್ಷಗಳ ತೊಡಕು ಹಾಗೆಯೇ ನಿಲ್ಲುತ್ತದೆ.

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಸಮಾಧಾನವು ಕಲ್ಲಿನ ರಚನೆಯಲ್ಲಿಯೇ ಇದೆ. ಇದು ಒಂದು ಕಾಲದ ಒಂದು ಶಾಸನವಲ್ಲ. ಪೃಥ್ವೀರಾಮನ ದತ್ತಿಯಿಂದ ಮೊದಲ್ಗೊಂಡು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದ ರಟ್ಟರವರೆಗಿನ ಸಂಗತಿಗಳು ಒಂದೇ ಶಿಲೆಯ ಮೇಲೆ ಸಂಗ್ರಹವಾಗಿವೆ. ಎಂದರೆ ಹಳೆಯ ದತ್ತಿಗಳ ದಾಖಲೆಗಳನ್ನು ಯಾರೋ ಒಟ್ಟುಗೂಡಿಸಿ, ಹೊಸದಾಗಿ ಕಲ್ಲಿಗೇರಿಸಿದ ರಕ್ಷಾಪ್ರತಿಯಿದು. ಬಸದಿಗೆ ಸಂಬಂಧಿಸಿದ ಒಂದು ಹಳೆಯ ಓಲೆಯಲ್ಲಿ ೭೯೭ರ ಶ್ಲೋಕವಿದ್ದಿರಬೇಕು. ರಟ್ಟರ ಮನೆತನದ ಕಥನವೊಂದರಲ್ಲಿ ಪೃಥ್ವೀರಾಮ ಮತ್ತು ಕೃಷ್ಣರಾಜರ ಹೆಸರಿದ್ದಿರಬೇಕು. ಸಂಗ್ರಾಹಕನು ಎರಡನ್ನೂ ಒಂದೇ ಕಾಲದವೆಂದು ತಿಳಿದು ಬೆಸೆದನು. ಕಲ್ಲುಕುಟಿಗನ ಉಳಿ ತಪ್ಪಲಿಲ್ಲ, ಶ್ಲೋಕ ತಪ್ಪಲಿಲ್ಲ, ಕಲ್ಲು ಸವೆಯಲಿಲ್ಲ. ಕೈಗೆ ಬರುವ ಮೊದಲೇ ಕೆಟ್ಟಿತ್ತು.

ಹೋಲಿಕೆಗಾಗಿ ಮಲಪ್ರಭೆಯ ದಡದ ಕೊಣ್ಣೂರಿಗೆ ಹೋಗೋಣ. ಅಲ್ಲಿಯ ಶಿಲಾಶಾಸನವು ಅಮೋಘವರ್ಷನು ತನ್ನ ದಳಪತಿ ಬಂಕೆಯನ ಪ್ರಾರ್ಥನೆಯಂತೆ, ಕೊಳನೂರಿನ ಜಿನಾಲಯಕ್ಕಾಗಿ ದೇವೇಂದ್ರಮುನಿಗೆ ಕೊಟ್ಟ ದತ್ತಿಯನ್ನು ಹೇಳುತ್ತದೆ. ಕಾಲ: ಶಕ ೭೮೨, ವಿಕ್ರಮ ಸಂವತ್ಸರ, ಆಶ್ವಯುಜ ಪೂರ್ಣಿಮೆ, ಚಂದ್ರಗ್ರಹಣ. ಆದರೆ ಅಕ್ಷರಗಳು ಒಂಬತ್ತನೆಯ ಶತಮಾನದವಲ್ಲ. ಶಾಸನವೇ ಕಾರಣವನ್ನು ಮುಚ್ಚದೆ ಹೇಳುತ್ತದೆ: ಕೊಳನೂರಿನ ಮಹಾಪ್ರಭು ಹುಲಿಯಮರಸನೇ ಮೊದಲಾದವರ ಕೋರಿಕೆಯಂತೆ, ಮೇಘಚಂದ್ರ ತ್ರೈವಿದ್ಯರ ಶಿಷ್ಯರಾದ ವೀರನಂದಿಮುನಿಗಳು ತಾಮ್ರಶಾಸನವನ್ನು ನೋಡಿ ಶಿಲಾಶಾಸನವಾಗಿ ಬರೆಯಿಸಿದರು. ಮೇಘಚಂದ್ರರು ಶಕ ೧೦೩೭ರಲ್ಲಿ ದೇಹಬಿಟ್ಟವರು. ಎಂದರೆ ಮೂಲಕ್ಕೂ ಪ್ರತಿಗೂ ನಡುವೆ ಸುಮಾರು ಮೂರು ಶತಮಾನಗಳು. ಕೀಲ್‌ಹಾರ್ನ್ ಮಹಾಶಯರು ಲೆಕ್ಕಹಾಕಿ, ಆ ತಿಥಿಯು ಕ್ರಿ. ಶ. ೮೬೦ರ ಅಕ್ಟೋಬರ್ ೩ಕ್ಕೆ ಸರಿಯಾಗುವುದೆಂದೂ ಅಂದು ಚಂದ್ರಗ್ರಹಣವಾಗಿತ್ತೆಂದೂ ತೋರಿಸಿದರು. ವಂಶಾವಳಿಯ ಭಾಗವು ಇತರ ರಾಷ್ಟ್ರಕೂಟ ತಾಮ್ರಶಾಸನಗಳಿಗೆ ಎಲ್ಲೆಡೆಯೂ ಹೊಂದದಿದ್ದರೂ, ಹನ್ನೆರಡನೆಯ ಶತಮಾನದ ಮುನಿಯೊಬ್ಬನು ಮುನ್ನೂರು ವರ್ಷ ಹಿಂದಿನ ಗ್ರಹಣವನ್ನು ಊಹೆಯಿಂದ ಹೇಳುವ ಸಂಭವವಿಲ್ಲವಾಗಿ, ಅವನ ಮುಂದೆ ನಿಜವಾದ ತಾಮ್ರಪಟವಿತ್ತೆಂದು ಒಪ್ಪಲೇಬೇಕು. ವೀರನಂದಿಗಳು ಇದು ಪ್ರತಿಯೆಂದು ಬರೆದಿಟ್ಟುದು ಅವರ ದೊಡ್ಡತನ.

ಕಲಭಾವಿಯದು ಇದರ ವಿಪರೀತ. ಹಿಂದೆ ಸಂಪಗಾವಿ ತಾಲ್ಲೂಕೆಂದು ಕರೆಯುತ್ತಿದ್ದ ಬೈಲಹೊಂಗಲ ಸೀಮೆಯ ಈ ಊರಿಗೆ ಶಾಸನದಲ್ಲಿ ಕುಮುದವಾಡವೆಂಬ ಹೆಸರಿದೆ. ಗಂಗ ಸೈಗೊಟ್ಟ ಪೆರ್ಮಾನಡಿಯು ಅಲ್ಲಿಯ ಜಿನಾಲಯಕ್ಕೆ ದತ್ತಿಯನ್ನಿತ್ತನೆಂದು ಹೇಳುವ ಈ ಶಾಸನವನ್ನು ಫ್ಲೀಟರು ೧೮೮೯ರಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಕಾಲ: ಶಕ ೨೬೧, ವಿಭವ ಸಂವತ್ಸರ. ಇಲ್ಲಿ ಸಾಕ್ಷಿಯೇ ಮೂಲವನ್ನು ಅಲ್ಲಗಳೆಯುತ್ತದೆ. ಗತಶಕ ೨೬೧ಕ್ಕೆ ಬರಬೇಕಾದುದು ವಿಕಾರಿ. ವರ್ತಮಾನವೆಂದು ಹಿಡಿದರೆ ವಿಳಂಬಿ. ವಿಭವವು ಸಮೀಪದಲ್ಲಿ ಬರುವುದು ೨೩೦ಕ್ಕೂ ೨೯೦ಕ್ಕೂ. ಅದು ಹೋಗಲಿ, ಕ್ರಿ. ಶ. ೩೩೯ರ ಶಾಸನದಲ್ಲಿ ಅಮೋಘವರ್ಷನ ಹೆಸರು ಬರುವುದೆಂತು? ಅಕ್ಷರಗಳಂತೂ ಹನ್ನೊಂದನೆಯ ಶತಮಾನದ ಸುಮಾರಿನವು. ಮೊದಲನೆಯ ಅಮೋಘವರ್ಷನ ಆಳಿಕೆಯಲ್ಲಿ ವಿಭವವು ಒಂದೇ ಸಲ, ಶಕ ೭೭೦ರಲ್ಲಿ (ಕ್ರಿ. ಶ. ೮೪೮-೪೯) ಬರುತ್ತದೆ. ಅದೇ ಮೂಲದ ವರ್ಷವೆಂದು ಹೇಳುವ ಧೈರ್ಯವು ನನಗಿಲ್ಲ; ಆದರೆ ಹೆಸರು ನೆನಪಿನಲ್ಲುಳಿದು ಸಂಖ್ಯೆ ಮರೆತುಹೋಗುವುದು ಲೋಕದಲ್ಲಿ ಸಾಮಾನ್ಯವೆಂಬುದನ್ನು ಇಂದಿಗೂ ನಮ್ಮ ಹಿರಿಯರು ತಮ್ಮ ಜನ್ಮಸಂವತ್ಸರವನ್ನು ಹೇಳುವ ರೀತಿಯಲ್ಲಿ ಕಾಣಬಹುದು.

ಒಂದು ವರ್ಷದ ಅಂತರವನ್ನೆಲ್ಲ ದೋಷವೆಂದು ಹಿಡಿಯಬಾರದೆಂಬುದಕ್ಕೂ ಸವದತ್ತಿಯಲ್ಲಿಯೇ ಉದಾಹರಣೆಯಿದೆ. ಇಮ್ಮಡಿ ಲಕ್ಷ್ಮಿದೇವನ ಶಾಸನವು ಶಕ ೧೧೫೧ಕ್ಕೆ ಸರ್ವಧಾರಿಯನ್ನು ಹೇಳುತ್ತದೆ. ಗತಶಕದ ಲೆಕ್ಕದಿಂದ ವಿರೋಧಿ ಬರಬೇಕು. ಇಲ್ಲಿ ಬರೆದವನು ವರ್ತಮಾನ ಶಕವನ್ನೆಣಿಸಿದ್ದಾನೆ, ಅಷ್ಟೆ. ಪಾಠವು ಶುದ್ಧ, ನಾವು ಓದುವ ಕೀಲಿ ಬೇರೆಯಾಗಬೇಕು.

ಸವದತ್ತಿಯ ಬಸದಿಯೂ ಕಲಭಾವಿಯ ಬಸದಿಯೂ ಒಂದೇ ಗುರುಪರಂಪರೆಗೆ, ಕಾರೇಯಗಣದ ಮೈಳಾಪ ಶಾಖೆಗೆ, ಸೇರಿದ್ದುವೆಂಬುದು ಗಮನಾರ್ಹ. ಎರಡೂ ಕಡೆ ಹಳೆಯ ದತ್ತಿಗಳನ್ನು ಹನ್ನೊಂದನೆಯ ಶತಮಾನದಲ್ಲೋ ಅದರಿಂದೀಚೆಗೋ ಮರಳಿ ಕಲ್ಲಿಗೇರಿಸಲಾಗಿದೆ. ಏಕೆ? ಗಾವರವಾಡದ ಶಾಸನವು ಚೋಳರ ದಾಳಿಯಲ್ಲಿ ಅಣ್ಣಿಗೇರಿಯ ಗಂಗಪೆರ್ಮಾಡಿ ಬಸದಿಯು ನಾಶವಾದುದನ್ನೂ, ೧೦೭೧-೭೨ರ ಸುಮಾರಿಗೆ ಲಕ್ಷ್ಮರಸನು ಅದನ್ನು ಉದ್ಧರಿಸಿದುದನ್ನೂ ಹೇಳುತ್ತದೆ. ಅಂತಹ ಕಾಲದಲ್ಲಿ ಓಲೆಗಳೂ ತಾಮ್ರಪಟಗಳೂ ಉಳಿಯುವುದು ದುಸ್ತರ. ದಾಖಲೆ ಹೋದರೆ ಹೊಲವೂ ಹೋಗುತ್ತಿತ್ತು. ಹೊಲ ಹೋದರೆ ದೇವರ ದೀಪವೂ ಮುನಿಗಳ ಆಹಾರವೂ ನಿಲ್ಲುತ್ತಿದ್ದುವು. ಗೋವೆಯ ಕದಂಬರ ಕಾಲದ ಕಿತ್ತೂರ ಶಾಸನದಲ್ಲಿ, ಎರಡು ದೇವಾಲಯಗಳ ಆಚಾರ್ಯರು ಒಂದು ಹೊಲಕ್ಕಾಗಿ ವ್ಯಾಜ್ಯವಾಡಿ, ಕೊನೆಗೆ ಕಾದ ಗುಳವನ್ನು ಹಿಡಿಯುವ ಫಾಲದಿವ್ಯದಿಂದ ತೀರ್ಪು ಪಡೆದ ವೃತ್ತಾಂತವಿದೆ. ಓಲೆಯಿಲ್ಲದವನು ಅಂಗೈಯನ್ನು ಒಡ್ಡಬೇಕಾಗಿತ್ತು. ಹೀಗಿರುವಾಗ ಕಲಭಾವಿಯ ಲಿಪಿಕಾರನನ್ನು ಕೂಟಶಾಸನ ಮಾಡಿದವನೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ಮನಸ್ಸೊಪ್ಪದು. ದತ್ತಿಯು ನಿಜವಾಗಿದ್ದು ದಾಖಲೆ ಮಾತ್ರ ಸುಟ್ಟಿರಲೂಬಹುದು. ನೆನಪಿನಿಂದ ಕಟ್ಟಿದ ಪ್ರತಿಯಲ್ಲಿ ವರ್ಷವು ಕೆಟ್ಟಿತು. ಚೋಳರ ದಾಳಿಯೇ ಇಲ್ಲಿಯೂ ಕಾರಣವೆಂಬುದು ನನ್ನ ಊಹೆ. ಕಲಭಾವಿಯ ಕಲ್ಲು ಅದನ್ನು ಹೇಳುವುದಿಲ್ಲ.

ಇನ್ನು ಮುಂದೆ ರಟ್ಟರ ವಂಶಾವಳಿಯನ್ನು ಅಚ್ಚುಹಾಕಿಸುವವರು ಪೃಥ್ವೀರಾಮನ ಹೆಸರಿನೆದುರು ೮೭೫ ಎಂಬುದನ್ನು ಬರೆಯದಿರುವುದು ಲೇಸು. ಆ ವರ್ಷವನ್ನು ಸುಗಂಧವರ್ತಿಯ ಬಸದಿಯ ಎದುರು, ಪ್ರಶ್ನಾರ್ಥಕ ಚಿಹ್ನೆಯೊಡನೆ, ಬರೆಯಬಹುದು. ಶ್ಲೋಕವನ್ನು ತಿದ್ದುವುದು ಮಾತ್ರ ಬೇಡ. ತೊರಗಲ್ಲಿನ ನನ್ನ ಕೆಟ್ಟುಹೋದ ಪುಟಕ್ಕಾಗಿ ಈ ಮಾಘಮಾಸದಲ್ಲಿ ಮತ್ತೊಮ್ಮೆ ಅಲ್ಲಿಗೆ ಹೋಗುವವನಿದ್ದೇನೆ. ಆ ತರುಣನೂ ಬರುತ್ತೇನೆಂದಿದ್ದಾನೆ.